ಎಸ್3: ಅಳಿಸುವ ನಿಯಮ ಹಾಕಿದರೂ ಸಂಗ್ರಹದ ಬಿಲ್ ಇಳಿಯುತ್ತಿಲ್ಲ

ಪ್ರಶ್ನೆ: ಹಳೆಕಡತ

ಅಂಗಡಿಕಾರರಿಗೆ ಜಿಎಸ್‌ಟಿ ಬಿಲ್ಲಿಂಗ್ ತಂತ್ರಾಂಶ ಒದಗಿಸುವ ಸಣ್ಣ ಸಂಸ್ಥೆಯೊಂದರಲ್ಲಿ ಸರ್ವರ್‌ಗಳ ಹೊಣೆ ನನ್ನದು. ಅಮೆಜಾನ್‌ನ ಕ್ಲೌಡ್ ಸಂಗ್ರಹ ಸೇವೆಯಾದ ಎಸ್3ಯ ಒಂದೇ ಬಕೆಟ್‌ನಲ್ಲಿ (ಕಡತಗಳನ್ನಿಡುವ ಭಂಡಾರ) ಗ್ರಾಹಕರ ಬಿಲ್‌ಗಳ ಪಿಡಿಎಫ್, ಅಪ್ಲಿಕೇಶನ್ ಲಾಗ್ ಮತ್ತು ಪ್ರತಿರಾತ್ರಿಯ ಡೇಟಾಬೇಸ್ ಬ್ಯಾಕಪ್‌ಗಳನ್ನು ಬೇರೆ ಬೇರೆ ಪ್ರಿಫಿಕ್ಸ್‌ಗಳ (ಫೋಲ್ಡರ್‌ನಂತೆ ಬಳಸುವ ಹೆಸರಿನ ಮೊದಲ ಭಾಗ) ಅಡಿಯಲ್ಲಿ ಇಟ್ಟಿದ್ದೇವೆ. ಕಡತದ ಹಳೆಯ ಆವೃತ್ತಿಗಳನ್ನೂ ಉಳಿಸಿಡುವ ವರ್ಶನಿಂಗ್ ಮೊದಲಿನಿಂದಲೂ ಆನ್ ಇದೆ. ಲಾಗ್‌ಗಳು 180 ದಿನಗಳಿಗೆ, ಬ್ಯಾಕಪ್‌ಗಳು 35 ದಿನಗಳಿಗೆ ಅಳಿಯುವಂತೆ ಲೈಫ್‌ಸೈಕಲ್ ನಿಯಮ (ಕಡತಗಳನ್ನು ತಾನಾಗಿ ಅಳಿಸುವ ಅಥವಾ ಸಾಗಿಸುವ ನಿಯಮ) ಹಾಕಿ ತಿಂಗಳುಗಳೇ ಕಳೆದರೂ ಒಟ್ಟು ಗಾತ್ರ ಏರುತ್ತಲೇ ಇದೆ. ಮೂವತ್ತು ದಿನ ದಾಟಿದ್ದೆಲ್ಲವನ್ನೂ ಅಪರೂಪಕ್ಕೆ ಬೇಕಾಗುವ ಕಡತಗಳಿಗೆಂದಿರುವ ಎಸ್3ಯ ಅಗ್ಗದ ಸಂಗ್ರಹ ವರ್ಗವಾದ ಗ್ಲೇಸಿಯರ್ ಡೀಪ್ ಆರ್ಕೈವ್‌ಗೆ ಸಾಗಿಸಿದರೆ ಖರ್ಚು ತಗ್ಗುತ್ತದೆ ಎಂಬ ಸಲಹೆ ನಮ್ಮಲ್ಲಿ ಬಂದಿದೆ. ಲಾಗ್ ಕಡತಗಳು ಸುಮಾರು ಒಂದು ಕೋಟಿ, ತಲಾ 10 ಕೆಬಿಯಷ್ಟು. ಈ ಸಲಹೆ ಸರಿಯೇ?

ಉತ್ತರ 1: ಬಕೆಟ್‌ಪಾಲಕ

ವರ್ಶನಿಂಗ್ ಆನ್ ಇರುವ ಬಕೆಟ್‌ನಲ್ಲಿ ಅವಧಿ ಮುಗಿದ ಕಡತ ನಿಜವಾಗಿ ಅಳಿಯುವುದಿಲ್ಲ. ಅದರ ಮೇಲೆ ಅಳಿದಿದೆಯೆಂದು ಸೂಚಿಸುವ ಗುರುತು, ಅಂದರೆ ಡಿಲೀಟ್ ಮಾರ್ಕರ್ ಒಂದು ಕೂರುತ್ತದೆ, ಕೆಳಗಿನ ಹಳೆಯ ಆವೃತ್ತಿ ಹಾಗೆಯೇ ಉಳಿದು ಪೂರ್ತಿ ದರದಲ್ಲಿ ಬಿಲ್ ಆಗುತ್ತಿರುತ್ತದೆ. ಕನ್ಸೋಲ್‌ನ ಪಟ್ಟಿಯಲ್ಲಿ ಕಡತ ಕಾಣಿಸದೆ ಇರುವುದರಿಂದ ಅಳಿದೇ ಹೋಯಿತೆಂದು ತೋರುತ್ತದೆ, ಅಷ್ಟೆ. ಹಳೆಯ ಆವೃತ್ತಿಗಳ ಅವಧಿಯನ್ನು ನಿಗದಿಪಡಿಸುವ ಪ್ರತ್ಯೇಕ ನಿಯಮವನ್ನು ಸೇರಿಸಿ. ಬ್ಯಾಕಪ್‌ಗಳಿಗೆ ಏಳು ದಿನ ಸಾಕಾಗಬಹುದು. ಒಂಟಿಯಾಗಿ ಉಳಿಯುವ ಡಿಲೀಟ್ ಮಾರ್ಕರ್‌ಗಳನ್ನು ತೆಗೆಯುವ ಆಯ್ಕೆಯನ್ನೂ ಬಳಸಿ. ದೊಡ್ಡ ಬ್ಯಾಕಪ್‌ಗಳು ಮಲ್ಟಿಪಾರ್ಟ್ ಆಗಿ (ತುಣುಕು ತುಣುಕಾಗಿ) ಅಪ್‌ಲೋಡ್ ಆಗುತ್ತಿದ್ದರೆ, ಅರ್ಧಕ್ಕೆ ನಿಂತ ಅಪ್‌ಲೋಡ್‌ಗಳ ತುಣುಕುಗಳೂ ಪಟ್ಟಿಯಲ್ಲಿ ಕಾಣದೆ ಬಿಲ್‌ನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತವೆ; ಅವುಗಳನ್ನು ರದ್ದುಪಡಿಸುವ ನಿಯಮವೂ ಬೇಕು. ಇವೆರಡರಲ್ಲಿ ಯಾವುದು ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಎಸ್3ಯ ಬಳಕೆ ವರದಿ ನೀಡುವ ಸ್ಟೋರೇಜ್ ಲೆನ್ಸ್ ತೋರಿಸುತ್ತದೆ.

ಉತ್ತರ 2: ದರಪಟ್ಟಿ

ಡೀಪ್ ಆರ್ಕೈವ್ ಸಲಹೆಯನ್ನು ಲಾಗ್‌ಗಳ ಮಟ್ಟಿಗಂತೂ ಕೈಬಿಡಿ. ಅಲ್ಲಿಗೆ ಸಾಗುವ ಪ್ರತಿ ಕಡತಕ್ಕೂ 40 ಕೆಬಿ ಹೆಚ್ಚುವರಿ ಮಾಹಿತಿ ಸೇರುತ್ತದೆ, ಅದರಲ್ಲಿ 8 ಕೆಬಿಗೆ ಸ್ಟ್ಯಾಂಡರ್ಡ್ (ಎಸ್3ಯ ಸಾಮಾನ್ಯ ಸಂಗ್ರಹ ವರ್ಗ) ದರವೇ ಅನ್ವಯಿಸುತ್ತದೆ. ನಿಮ್ಮ ಒಂದು ಕೋಟಿ ಕಡತಗಳ ಒಟ್ಟು ಗಾತ್ರವೇ ಸುಮಾರು 100 ಜಿಬಿ. ಸಾಗಿಸಿದ ಮೇಲೂ ಸುಮಾರು 80 ಜಿಬಿಗೆ ಹಳೆಯ ದರವನ್ನೇ ತೆರುತ್ತೀರಿ. ಸಾಗಣೆಯ ಶುಲ್ಕ ಗಾತ್ರದ ಮೇಲಲ್ಲ, ಎಣಿಕೆಯ ಮೇಲೆ. ಅಮೆಜಾನ್‌ನ ವರ್ಜೀನಿಯಾ ರೀಜನ್‌ನ (ಡೇಟಾ ಕೇಂದ್ರಗಳ ವಲಯ) ದರದಲ್ಲಿ ಪ್ರತಿ 1,000 ಕಡತಗಳಿಗೆ 0.05 ಡಾಲರ್, ಅಂದರೆ ಒಂದು ಕೋಟಿಗೆ 500 ಡಾಲರ್. ಅದೇ 100 ಜಿಬಿ ಸ್ಟ್ಯಾಂಡರ್ಡ್‌ನಲ್ಲಿಯೇ ಇದ್ದರೆ ತಿಂಗಳಿಗೆ 2.30 ಡಾಲರ್ ಮಾತ್ರ. ಮೂಗಿಗಿಂತ ಮೂಗುತಿ ಭಾರವಾದಂತೆ! ಸೆಪ್ಟೆಂಬರ್ 2024ರಿಂದ 128 ಕೆಬಿಗಿಂತ ಚಿಕ್ಕ ಕಡತಗಳನ್ನು ಲೈಫ್‌ಸೈಕಲ್ ನಿಯಮ ತಾನಾಗಿ ಸಾಗಿಸದಿರುವುದಕ್ಕೆ ಇದೇ ಕಾರಣವಿರಬೇಕು. ಸಣ್ಣ ಲಾಗ್‌ಗಳನ್ನು ದಿನಕ್ಕೊಂದು ಸಂಕುಚಿತ ಕಡತವಾಗಿ ಒಟ್ಟುಗೂಡಿಸಿ ಬರೆಯುವುದೇ ಸರಿಯಾದ ದಾರಿ.

ಬ್ಯಾಕಪ್‌ಗಳಿಗೂ ಅದು ಹೊಂದುವುದಿಲ್ಲ. ಡೀಪ್ ಆರ್ಕೈವ್‌ನ ಕನಿಷ್ಠ ಅವಧಿ 180 ದಿನ. 35ನೇ ದಿನ ಅಳಿಸಿದರೂ ಉಳಿದ ದಿನಗಳ ಹಣ ಕಟ್ಟಲೇಬೇಕು. ವರ್ಷಗಟ್ಟಲೆ ಇಡುವ ಮಾಸಿಕ ಬ್ಯಾಕಪ್ ಇದ್ದರೆ ಅದನ್ನು ಅಲ್ಲಿಡಬಹುದು, ಆದರೆ ಮರಳಿ ಪಡೆಯಲು 12 ಗಂಟೆಯವರೆಗೆ ಕಾಯಬೇಕಾಗಬಹುದೆಂಬುದು ಎಲ್ಲರಿಗೂ ತಿಳಿದಿರಲಿ.

ಉತ್ತರ 3: ಕಾಯಿದೆಕಡೆ

ಅವಧಿಗಳ ಬಗ್ಗೆ ಒಂದು ಮಾತು. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ನಿಮ್ಮ ನಿಯಮ ಸರಿಯಾಗಿ ಆ ಅಂಚಿನಲ್ಲಿದೆ, ಕೆಲವು ದಿನ ಹೆಚ್ಚಿಗೆ ಇಡುವುದು ಲೇಸು. ಹೆಚ್ಚು ತೊಡಕಿನದು ಬಿಲ್‌ಗಳ ವಿಷಯ. ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯಿದೆಯ 36ನೇ ಸೆಕ್ಷನ್ ಪ್ರಕಾರ ಅಂಗಡಿಕಾರರು ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು, ಮೇಲ್ಮನವಿ ಬಾಕಿಯಿದ್ದರೆ ಇನ್ನೂ ಹೆಚ್ಚು ಕಾಲ. ಲೈಫ್‌ಸೈಕಲ್ ನಿಯಮಕ್ಕೆ ಗೊತ್ತಿರುವುದು ಕಡತ ಸೃಷ್ಟಿಯಾದ ದಿನವೊಂದೇ, ರಿಟರ್ನ್‌ನ ದಿನಾಂಕವಲ್ಲ. ಜೊತೆಗೆ, "ಈ ಟ್ಯಾಗ್ (ಕಡತಕ್ಕೆ ಅಂಟಿಸುವ ಗುರುತಿನ ಚೀಟಿ) ಇಲ್ಲದವನ್ನು ಮಾತ್ರ ಅಳಿಸು" ಎಂದು ಅದಕ್ಕೆ ಹೇಳಲು ಬರುವುದಿಲ್ಲ. ಆದ್ದರಿಂದ ತಡೆಯ ಟ್ಯಾಗ್ ಹಚ್ಚುವ ಬದಲು, ಅವಧಿ ಮುಗಿದು ವಿವಾದವೂ ಇಲ್ಲವೆಂದು ನಿಮ್ಮ ತಂತ್ರಾಂಶ ಖಚಿತಪಡಿಸಿಕೊಂಡ ಬಿಲ್‌ಗೆ ಮಾತ್ರ ಅಳಿಸಬಹುದೆಂಬ ಟ್ಯಾಗ್ ಹಚ್ಚಿ, ನಿಯಮ ಅದನ್ನೇ ಹುಡುಕಲಿ.

ನಿಗದಿತ ಅವಧಿಯವರೆಗೆ ಕಡತವನ್ನು ಅಳಿಸದಂತೆ ತಡೆಯುವ ಆಬ್ಜೆಕ್ಟ್ ಲಾಕ್ ಬಳಸುವುದಾದರೆ, ವಿಶೇಷ ಅನುಮತಿ ಇದ್ದವರು ತಡೆಯನ್ನು ಮೀರಬಹುದಾದ ಗವರ್ನೆನ್ಸ್ ಮೋಡ್‌ನಲ್ಲಿ ಮೊದಲು ಪರೀಕ್ಷಿಸಿ. ಕಂಪ್ಲಯನ್ಸ್ ಮೋಡ್‌ನಲ್ಲಿ ಅವಧಿ ತಪ್ಪಾಗಿ ನಮೂದಾದರೆ ಖಾತೆಯ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರರೂ ಆ ಕಡತವನ್ನು ಅಳಿಸಲಾರರು. ಅವಧಿ ಮುಗಿಯುವವರೆಗೂ ಬಾಡಿಗೆ ಬರುತ್ತಲೇ ಇರುತ್ತದೆ.