ಸಿನಿಮಾದ ಕೊನೆಯ ಮಾತಿಗೆ ತೂಕ ಬರುವುದು ಎಲ್ಲಿಂದ?

ರೀಲುಸುತ್ತು:
ಹನ್ನೆರಡು ನಿಮಿಷದ ಕಿರುಚಿತ್ರದ ಸ್ಕ್ರಿಪ್ಟ್‌ಗೆ ಕೊನೆಯ ಡೈಲಾಗ್ ಬೇಕು. ಕಥೆ ಇಷ್ಟೇ: ಮನೆ ಪಾಲಿಗೆ ಜಗಳವಾಡುವ ಅಣ್ಣ ತಮ್ಮ, ಕೊನೆಗೆ ರಾಜಿ. ಸದ್ಯಕ್ಕೆ ಅಣ್ಣ "ಮನೆಗಿಂತ ಮನಸ್ಸು ದೊಡ್ಡದು ಕಣೋ" ಅನ್ನುತ್ತಾನೆ. ಇದು ನೀತಿಪಾಠದ ಹಾಗೆ ಕೇಳಿಸುತ್ತಿದೆ. 'ಸಮ್ ಲೈಕ್ ಇಟ್ ಹಾಟ್', 'ಚೈನಾಟೌನ್' ಚಿತ್ರಗಳ ಕೊನೆಯ ಮಾತನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಬರೀ ಮಾತನ್ನು ಓದಿದರೆ ಅಂಥದ್ದೇನೂ ಕಾಣುವುದಿಲ್ಲ. ಗುಟ್ಟೇನು? (ಸ್ಪಾಯ್ಲರ್ ಪರವಾಗಿಲ್ಲ.)

ಮೂರನೇ_ಅಂಕ:
ಬಿಡಿಯಾಗಿ ಓದಿದರೆ ಸಪ್ಪೆ ಅನ್ನಿಸಲೇಬೇಕು. 'ಸಮ್ ಲೈಕ್ ಇಟ್ ಹಾಟ್' (1959) ಕೊನೆಯ ದೃಶ್ಯ ನೋಡಿ. ಹೆಣ್ಣುವೇಷದ ಜೆರ್ರಿ ಮದುವೆ ತಪ್ಪಿಸಿಕೊಳ್ಳಲು ಒಂದೊಂದೇ ನೆಪ ಹೇಳುತ್ತಾನೆ: ಕೂದಲ ಬಣ್ಣ ನಿಜವಲ್ಲ, ಸಿಗರೇಟು ಸೇದುತ್ತೇನೆ, ಹಿಂದಿನ ಬದುಕು ನೆಟ್ಟಗಿಲ್ಲ, ಮಕ್ಕಳಾಗುವುದಿಲ್ಲ. ಅವನನ್ನು ಹೆಣ್ಣೆಂದೇ ನಂಬಿ ಮದುವೆಗೆ ಹೊರಟ ಆಸ್‌ಗುಡ್ ಒಂದಕ್ಕೂ ಜಗ್ಗುವುದಿಲ್ಲ. ಮಕ್ಕಳಿಲ್ಲದಿದ್ದರೆ ದತ್ತು ತಗೊಳ್ಳೋಣ ಅನ್ನುತ್ತಾನೆ. ಕೊನೆಗೆ ಜೆರ್ರಿ ವಿಗ್ ಕಿತ್ತು "ನಾನು ಗಂಡಸು!" ಎಂದಾಗಲೂ ಅದೇ ನಗುಮುಖ: "ಎಲ್ಲ ಸರಿಯಿರೋರು ಯಾರೂ ಇಲ್ಲ ಬಿಡಿ." ಮೊದಲ ನಾಲ್ಕು ಉತ್ತರ ಸೇರಿ ಐದನೆಯದನ್ನು ಕಟ್ಟಿವೆ. ನಟ ಐದನೆಯದಕ್ಕೆ ಮಾತ್ರ ದನಿ ಬದಲಿಸಿದ್ದರೆ ಕೆಲಸ ಕೆಡುತ್ತಿತ್ತು. ನಿರ್ದೇಶಕ ವೈಲ್ಡರ್ ಮತ್ತು ಅವನ ಜೊತೆ ಚಿತ್ರಕಥೆ ಬರೆದ ಡೈಮಂಡ್ ಇದನ್ನು ತಾತ್ಕಾಲಿಕವಾಗಿ ಬರೆದಿಟ್ಟಿದ್ದರು, ಇದಕ್ಕಿಂತ ಒಳ್ಳೆಯದು ಹೊಳೆಯಲಿಲ್ಲ!

ಕಪ್ಪುಪರದೆ:
'ಚೈನಾಟೌನ್' (1974) ಇನ್ನೂ ದೂರದಿಂದ ಕಟ್ಟಿದ್ದು. ಪತ್ತೇದಾರ ಜೇಕ್ ಹಿಂದೆ ಲಾಸ್ ಏಂಜಲೀಸ್‌ನ ಚೈನಾಟೌನ್ ಬಡಾವಣೆಯಲ್ಲಿ ಪೊಲೀಸ್ ಆಗಿದ್ದವನು. ಅಲ್ಲಿ ಯಾರನ್ನೋ ಉಳಿಸಲು ಹೋಗಿ ಅವಳಿಗೇ ಪೆಟ್ಟಾಗುವಂತೆ ಮಾಡಿದೆ ಎಂದು ನಡುವೆ ಒಮ್ಮೆ ಹೇಳುತ್ತಾನೆ. ಅಲ್ಲಿ ನಿನ್ನ ಕೆಲಸ ಏನಿತ್ತು ಎಂದರೆ "ಆದಷ್ಟು ಕಡಿಮೆ" ಎಂಬ ಉತ್ತರ. ಕ್ಯಾಮೆರಾ ಆ ಬೀದಿಗೆ ಹೋಗುವುದು ಕೊನೆಯ ದೃಶ್ಯದಲ್ಲೇ. ಈ ಸಲ ಅವನು ಉಳಿಸಲು ಹೊರಟ ಎವೆಲಿನ್ ಸತ್ತ ಮೇಲೆ ಜೇಕ್ ಅದೇ "ಆದಷ್ಟು ಕಡಿಮೆ" ಗೊಣಗುತ್ತಾನೆ, ಆಮೇಲೆ ಜೊತೆಗಾರ: "ಬಿಟ್ಟುಬಿಡು ಜೇಕ್, ಇದು ಚೈನಾಟೌನ್." ಅಷ್ಟು ಹೊತ್ತಿಗೆ ಅದು ಊರಿನ ಹೆಸರಾಗಿ ಉಳಿದಿಲ್ಲ. ಇಲ್ಲಿ ಒಳ್ಳೆಯದು ಮಾಡಲು ಹೋದರೂ ಕೆಟ್ಟದ್ದೇ ಆಗುತ್ತದೆ ಎಂಬುದನ್ನು ನಾವಾಗಲೇ ಕಲಿತಿದ್ದೇವೆ.

ಅಂದ ಹಾಗೆ, ಲೆಕ್ಕಕ್ಕೆ ಅದು ಕೊನೆಯ ಮಾತೇ ಅಲ್ಲ. ಆಮೇಲೆ ಪೊಲೀಸ್ ಅಧಿಕಾರಿ ಜನರನ್ನು ಚದುರಿಸುತ್ತಾ ಕೂಗುತ್ತಾನೆ. ಯಾರಿಗೂ ನೆನಪಿರುವುದಿಲ್ಲ.

ಕತ್ತರಿಮೇಜು:
ಎಲ್ಲವೂ ಸ್ಕ್ರಿಪ್ಟ್‌ನಲ್ಲೇ ಹುಟ್ಟಬೇಕು ಅಂತಿಲ್ಲ. 'ಕಾಸಾಬ್ಲಾಂಕಾ'ದ (1942) "ಚಂದದ ಗೆಳೆತನದ ಶುರುವಾತು" ಮಾತನ್ನು ಬರೆದದ್ದು ನಿರ್ಮಾಪಕ ಹಾಲ್ ವಾಲಿಸ್, ಶೂಟಿಂಗ್ ಮುಗಿದ ಮೇಲೆ. ನಾಯಕನಟ ಬೋಗಾರ್ಟ್ ಬಂದು ಡಬ್ ಮಾಡಿದ. ಆ ದೃಶ್ಯದಲ್ಲಿ ನಾಯಕನೂ ಅವನ ಜೊತೆಗಾರನೂ ಬೆನ್ನು ಹಾಕಿ ಮಂಜಿನೊಳಗೆ ನಡೆಯುತ್ತಿದ್ದರಿಂದ ತುಟಿ ಹೊಂದಿಸುವ ತಲೆನೋವಿರಲಿಲ್ಲ. ನಿಮಗೂ ಇದು ಉಪಯೋಗಕ್ಕೆ ಬರುತ್ತದೆ: ಕೊನೆಯ ಮಾತಿನ ಬಗ್ಗೆ ಅನುಮಾನ ಇದ್ದರೆ ಮುಖ ಕಾಣದ ಒಂದು ವೈಡ್ ಶಾಟ್ ತೆಗೆದಿಟ್ಟುಕೊಳ್ಳಿ. ಎಡಿಟ್‌ನಲ್ಲಿ ಬೇಕಾದ ಮಾತು ಕೂರಿಸಬಹುದು, ಬೇಡವಾದರೆ ಮೌನವಾಗಿಯೇ ಬಿಡಬಹುದು.

ರೀಲುಸುತ್ತು:
ಅಂದರೆ ನನ್ನ ಅಣ್ಣ ಏನನ್ನಬೇಕು?

ಮೂರನೇ_ಅಂಕ:
ಮೊದಲ ದೃಶ್ಯದಲ್ಲಿ ಅವರು ದಿನಾ ಆಡುವ ಒಂದು ಸಾಮಾನ್ಯ ಮಾತು ಹುಡುಕಿ. "ಬೀಗ ಹಾಕಿದೆಯಾ?" ಅಂತಿಟ್ಟುಕೊಳ್ಳಿ. ನಡುವೆ ಜಗಳ ಜೋರಾದಾಗ ಅದೇ ಮಾತು ಇನ್ನೊಮ್ಮೆ, ಈ ಸಲ ಕುಟುಕಿ. ರಾಜಿಯಾದ ಮೇಲೆ ಮೂರನೆಯ ಸಲ, ಮೊದಲಿನ ಹಾಗೇ ಸಲೀಸಾಗಿ. 'ದಿ ಅಪಾರ್ಟ್‌ಮೆಂಟ್' (1960) ಹೀಗೇ: ಕೊನೆಗೆ ನಾಯಕ ಪ್ರೀತಿ ಹೇಳಿಕೊಂಡರೆ ನಾಯಕಿ "ಬಾಯಿ ಮುಚ್ಚಿ ಎಲೆ ಹಂಚು" ಅನ್ನುತ್ತಾಳೆ. ಇಬ್ಬರೂ ಇಸ್ಪೀಟಾಡಿದ್ದನ್ನು ಮೊದಲೇ ನೋಡಿರುವುದರಿಂದ ಉತ್ತರ ಹೌದು ಎಂದು ಗೊತ್ತಾಗುತ್ತದೆ.

"ಮನಸ್ಸು ದೊಡ್ಡದು" ತೆಗೆದುಬಿಡಿ. ಅದು ಪ್ರೇಕ್ಷಕ ಹೇಳಬೇಕಾದ ಮಾತು.

ಕತ್ತರಿಮೇಜು:
ಜೊತೆಗೆ, ಆ ಮಾತಿಗೆ ಮುಂಚೆ ಸಂಗೀತ ಶುರು ಮಾಡಬೇಡಿ. "ಈಗ ಮುಖ್ಯವಾದದ್ದು ಬರುತ್ತದೆ" ಎಂದು ಡಂಗುರ ಹೊಡೆದಂತಾಗುತ್ತದೆ. ಮಾತು ಮುಗಿದ ಮೇಲೆ ತಮ್ಮನ ಮುಖದ ಮೇಲೆ ಒಂದೆರಡು ಸೆಕೆಂಡ್ ನಿಂತು ಕಟ್ ಮಾಡಿ. ಅದಕ್ಕಿಂತ ಉದ್ದ ಹಿಡಿದರೆ ನಟ ಏನಾದರೂ 'ಮಾಡಲು' ಶುರು ಮಾಡುತ್ತಾನೆ.