ಸಹಾಯ ಬೇಕು: ಮಗಳ ಆರ್ಮಿ ಆರ್‌ಒಟಿಸಿ ಸ್ಕಾಲರ್‌ಶಿಪ್, ಹಳೇ ಇನ್‌ಹೇಲರ್

ನಮಸ್ಕಾರ. ನಾವಿರೋದು ಟೆಕ್ಸಾಸಿನಲ್ಲಿ. ಮಗಳು ಇಲ್ಲೇ ಹುಟ್ಟಿದವಳು, ಅಮೆರಿಕದ ಪ್ರಜೆ, ಹೈಸ್ಕೂಲಿನ ಕೊನೇ ವರ್ಷ. ಆರ್ಮಿ ಆರ್‌ಒಟಿಸಿಯ (ಕಾಲೇಜು ಓದುತ್ತಲೇ ಸೇನಾಧಿಕಾರಿಯಾಗೋ ತರಬೇತಿ) ನಾಲ್ಕು ವರ್ಷದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕೇ ಹಾಕ್ತೀನಿ ಅಂತ ಕೂತಿದ್ದಾಳೆ. ಪೂರ್ತಿ ಟ್ಯೂಷನ್ ಇಲ್ಲವೇ ಊಟ-ವಸತಿ, ಎರಡರಲ್ಲೊಂದು. ಪುಸ್ತಕಕ್ಕೆ ವರ್ಷಕ್ಕೆ 1,200 ಡಾಲರ್, ಕೈಖರ್ಚಿಗೆ ತಿಂಗಳಿಗೆ 420. ಬದಲಿಗೆ ಎಂಟು ವರ್ಷದ ಸೇವೆಯ ಕರಾರು. ಅದಕ್ಕೆ ನಾವು ಒಪ್ಪಿದ್ದಾಯ್ತು.

ತಲೆಬಿಸಿ ಇರೋದು ವೈದ್ಯಕೀಯ ಪರೀಕ್ಷೆಯದ್ದು. 13 ತುಂಬಿದ ಮೇಲೂ ಆಸ್ತಮಾ ಇದ್ದರೆ ಅನರ್ಹ. ಇವಳಿಗೆ 14ರಲ್ಲಿ ಒಂದು ಚಳಿಗಾಲ ಕೆಮ್ಮು ಬಿಡಲೇ ಇಲ್ಲ, ಡಾಕ್ಟರು ಇನ್‌ಹೇಲರ್ ಬರೆದುಕೊಟ್ರು. ಎರಡು ವಾರ ಎಳೆದು ಡ್ರಾಯರ್‌ಗೆ ಹಾಕಿದ್ದು ಇವತ್ತೂ ಅಲ್ಲೇ ಇದೆ, ಉಳಿದ ಡೋಸ್ ತೋರಿಸೋ ಕೌಂಟರ್ 172ರಲ್ಲೇ ನಿಂತಿದೆ. ಈಗ ಕ್ರಾಸ್ ಕಂಟ್ರಿ ಓಡ್ತಾಳೆ! ಆದ್ರೆ ಕ್ಲಿನಿಕ್ಕಿನ ದಾಖಲೆಯಲ್ಲಿ 'ಆಸ್ತಮಾ' ಅಂತ ಕೂತುಬಿಟ್ಟಿದೆ. ಮುಚ್ಚಿಡೋ ಮಾತೇ ಇಲ್ಲ.

ವೇವರ್ (ಇಂಥ ಅನರ್ಹತೆಗೆ ವಿನಾಯಿತಿ) ಕೇಳಿ ಪಡೆದವರು ಯಾರಾದ್ರೂ ಇದ್ದೀರಾ? ಶ್ವಾಸಕೋಶದ ಪರೀಕ್ಷೆ ಈಗಲೇ ಮಾಡಿಸಿಡಬೇಕಾ, ಅವರು ಕೇಳಿದ ಮೇಲಾ? ಹಳೇ ಡಾಕ್ಟರ ಹತ್ರ ಪತ್ರ ಬರೆಸಿಕೊಂಡ್ರೆ ಉಪಯೋಗ ಉಂಟಾ?

"ಹೆಣ್ಣುಹುಡುಗಿಗೆ ಮಿಲಿಟರಿ ಯಾಕೆ" ಅಂತ ಹಾಸನದಿಂದ ನಮ್ಮತ್ತೆ ದಿನಾ ಫೋನ್ ಮಾಡ್ತಾರೆ. ಆ ಪ್ರಶ್ನೆ ನಾನು ನೋಡ್ಕೋತೀನಿ, ಇಲ್ಲಿ ಬೇಡ.