ಬ್ಯಾಂಕ್ ಆ್ಯಪ್‌ಗೆ ಬೆರಳಚ್ಚು ಲಾಗಿನ್ ಹಾಕಿಕೊಳ್ಳಬಹುದಾ?

ತುಂಗಾತೀರ: 2023ರಲ್ಲಿ ಕಾವೇರಿ ಪೋರ್ಟಲ್‌ನ (ರಾಜ್ಯದ ಆಸ್ತಿ ನೋಂದಣಿ ತಾಣ) ನೋಂದಣಿ ಪತ್ರಗಳಿಂದ ಬೆರಳಚ್ಚು ಕದ್ದು ಜನರ ಖಾತೆಯಿಂದ ದುಡ್ಡು ಎತ್ತಿದ್ದರಲ್ಲ, ಅದಾದ ಮೇಲೆ ಬೆರಳಚ್ಚು ಅಂದರೇ ಅನುಮಾನ. ಆ್ಯಪ್‌ನಲ್ಲಿ ಇದನ್ನು ಆನ್ ಮಾಡಿದರೆ ಬೆರಳಚ್ಚು ಬ್ಯಾಂಕಿನ ಸರ್ವರಿಗೆ ಹೋಗುತ್ತದಾ? ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳು?

ಕೀಲಿಕೈ: ಹೋಗಲ್ಲ. ಬೆರಳಚ್ಚಿನ ಟೆಂಪ್ಲೇಟ್ (ತಾಳೆ ನೋಡಲು ಇಟ್ಟುಕೊಳ್ಳುವ ಗುರುತಿನ ದತ್ತಾಂಶ) ಫೋನಿನೊಳಗೇ, ಉಳಿದದ್ದರಿಂದ ಬೇರ್ಪಟ್ಟ ಭದ್ರ ಭಾಗದಲ್ಲಿ ಇರುತ್ತದೆ: ಐಫೋನ್‌ನಲ್ಲಿ ಅದರ ಹೆಸರು ಸೆಕ್ಯೂರ್ ಎನ್‌ಕ್ಲೇವ್, ಆಂಡ್ರಾಯ್ಡ್‌ನಲ್ಲಿ ಟಿಇಇ. ಆ್ಯಪ್‌ಗೂ ಅದು ಕಾಣಲ್ಲ. ಬೆರಳು ತಾಳೆಯಾದರೆ ಫೋನಿನಲ್ಲಿರುವ ಒಂದು ಡಿಜಿಟಲ್ ಕೀ (ಲಾಗಿನ್‌ಗೆ ಬಳಸುವ ರಹಸ್ಯ ಸಂಕೇತ) ತೆರೆದುಕೊಳ್ಳುತ್ತದೆ, ಅಷ್ಟೇ.

ಕಾವೇರಿ ಪ್ರಕರಣದ ದಾರಿಯೇ ಬೇರೆ. ಅಲ್ಲಿ ಬಳಸಿದ್ದು ಎಇಪಿಎಸ್, ಅಂದರೆ ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆ. ಮೈಕ್ರೊ ಎಟಿಎಂನಲ್ಲಿ (ಬ್ಯಾಂಕ್ ಏಜೆಂಟರ ಬಳಿ ಇರುವ ಚಿಕ್ಕ ಯಂತ್ರ) ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟಿದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಒಟಿಪಿ ಇಲ್ಲ, ಪಿನ್ ಇಲ್ಲ. ಕ್ರಯಪತ್ರದಲ್ಲಿ ಆಧಾರ್ ಸಂಖ್ಯೆ, ಹೆಬ್ಬೆಟ್ಟು ಎರಡೂ ಒಟ್ಟಿಗೇ ಸಿಕ್ಕವು. ಫೋನೇ ಇಲ್ಲದವರ ಖಾತೆಗೂ ಹೀಗೆ ಕನ್ನ ಹಾಕಬಹುದು.

ಮೂರನೇ_ಬೆಂಚು: ಮೇಲಿನದು ಸರಿ, ಆದರೆ ಫೋನ್ ಪೂರ್ತಿ ಭದ್ರ ಅಂದುಕೊಳ್ಳಬೇಡಿ. ತೂತು ಇರುವುದು ಸ್ಕ್ರೀನ್ ಲಾಕ್ ಪಿನ್‌ನಲ್ಲಿ. ಪಿನ್ ಗೊತ್ತಿದ್ದವರು ಸೆಟ್ಟಿಂಗ್ಸ್‌ಗೆ ಹೋಗಿ ತಮ್ಮ ಬೆರಳನ್ನೂ ಸೇರಿಸಿಬಿಡಬಹುದು. ಸರಿಯಾಗಿ ಬರೆದ ಆ್ಯಪ್ ಆದರೆ ಹೊಸ ಬೆರಳು ಸೇರಿದ ಕೂಡಲೇ ಹಳೇ ಕೀ ರದ್ದಾಗಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ.

ಪರೀಕ್ಷೆ ಸುಲಭ: ಲಾಗಿನ್ ಆನ್ ಮಾಡಿ, ಫೋನಿಗೆ ಇನ್ನೊಂದು ಬೆರಳು ಸೇರಿಸಿ, ಆ ಬೆರಳಿನಿಂದಲೇ ಆ್ಯಪ್ ತೆರೆಯಿರಿ. ಚಕ್ಕನೆ ತೆರೆದುಕೊಂಡರೆ ಆ ಆ್ಯಪ್‌ನಲ್ಲಿ ಬೆರಳಚ್ಚು ಲಾಗಿನ್ ಬೇಡವೇ ಬೇಡ. ಆಮೇಲೆ ಆ ಬೆರಳು ಅಳಿಸಿ, 4 ಅಂಕಿಯ ಪಿನ್ ಇದ್ದರೆ ಕನಿಷ್ಠ 6 ಮಾಡಿ.

ಕೀಲಿಕೈ: ಒಳ್ಳೆ ಪರೀಕ್ಷೆ. ಆಧಾರ್ ಮೂಲಕ ಆಗುವ ಕಳವಿಗೆ ಮದ್ದು ಬಯೋಮೆಟ್ರಿಕ್ ಲಾಕ್. ಮೈಆಧಾರ್ ತಾಣಕ್ಕೆ ಒಟಿಪಿ ಕೊಟ್ಟು ಒಳಹೋದರೆ ‘ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್’ ಸಿಗುತ್ತದೆ. ಬೆರಳು, ಕಣ್ಣು, ಮುಖ ಮೂರೂ ಒಟ್ಟಿಗೆ ಲಾಕ್ ಆಗುತ್ತವೆ. ಒಟಿಪಿ ದೃಢೀಕರಣ ಎಂದಿನಂತೆ ನಡೆಯುತ್ತದೆ. ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಬೇಕು, ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ತುಂಗಾತೀರ: ರೇಷನ್ ಅಂಗಡಿಯಲ್ಲಿ ಬೆರಳು ಒತ್ತಬೇಕಲ್ಲ, ಆಗ?

ಮೂರನೇ_ಬೆಂಚು: ಲಾಕ್ ಇದ್ದರೆ 330 ಅಂತ ಎರರ್ ಬರುತ್ತದೆ. ಯಂತ್ರ ಕೆಟ್ಟಿದೆ ಅಂತ ಅಂಗಡಿಯವರು ವಾಪಸ್ ಕಳಿಸಿಬಿಡಬಹುದು. ತಾತ್ಕಾಲಿಕ ಅನ್‌ಲಾಕ್ 10 ನಿಮಿಷ ಮಾತ್ರ ಇರುತ್ತದೆ, ಹಾಗಾಗಿ ಮನೆಯಲ್ಲೇ ಅನ್‌ಲಾಕ್ ಮಾಡಿಕೊಂಡು ಹೊರಟರೆ ಕ್ಯೂನಲ್ಲೇ ಮುಗಿದುಹೋಗುತ್ತದೆ. ನಿಮ್ಮ ಸರದಿ ಹತ್ತಿರ ಬಂದಾಗ ಅನ್‌ಲಾಕ್ ಮಾಡಿ.

ಅದೇ ಮೈಆಧಾರ್ ತಾಣದಲ್ಲಿ ‘ಅಥೆಂಟಿಕೇಶನ್ ಹಿಸ್ಟರಿ’ಯಲ್ಲಿ (ಆಧಾರ್ ಎಲ್ಲೆಲ್ಲಿ ಬಳಕೆಯಾಯಿತೆಂಬ ಪಟ್ಟಿ) 6 ತಿಂಗಳ ದಾಖಲೆ ನೋಡಬಹುದು. ನೀವು ಮಾಡದ ಬೆರಳಚ್ಚು ದೃಢೀಕರಣ ಕಂಡರೆ, ದುಡ್ಡೂ ಹೋಗಿದ್ದರೆ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ 3 ಕೆಲಸದ ದಿನಗಳೊಳಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.